ಹಳ್ಳದ ದಂಡೆಯಲ್ಲಿ ನಿಂತ ದೀಪ

ಇದನ್ನು ಒಂದೇ ಬೆರಳಿನಿಂದ ಬರೆಯುತ್ತಿದ್ದೇನೆ. ನನ್ನ ಹೆಬ್ಬೆರಳು ರೊಟ್ಟಿ ಬಡಿದು ಬಡಿದು ಅಗಲವಾಗಿದೆ. ಅದರಿಂದ ಫೋನಿನಲ್ಲಿ ಒಂದು ಅಕ್ಷರ ಒತ್ತಿದರೆ ಅಕ್ಕಪಕ್ಕದ ಮನೆಯ ಅಕ್ಷರಗಳೂ ಎದ್ದು ಬರುತ್ತವೆ. ಹೀಗಾಗಿ ತೋರುಬೆರಳೇ ಗತಿ. ನನಗೆ ಕಲಿಸಿದವಳು ಮಗನ ಮಗಳು.

"ಆಯಿ, ಕೋಳಿ ಕಾಳ ಹೆಕ್ಕಿದಂಗ ಹೆಕ್ಕಾಕತ್ತೀಯಲ್ಲ" ಎಂದು ನಗುತ್ತಾಳೆ.

"ಕೋಳಿ ಹೆಕ್ಕಿದ್ರ ತತ್ತಿನರ ಇಡತೈತಿ. ನೀ ದಿನಾ ಟಪಟಪ ಬಡದು ಏನ್ ಇಟ್ಟಿ, ತೋರ್ಸು" ಎಂದೆ. ಅಂದಿನಿಂದ ಕೋಳಿಯ ಸುದ್ದಿ ತೆಗೆದಿಲ್ಲ.

ಫೋನು ಕಲಿಯುವ ಹಟ ಹಿಡಿದದ್ದು ಮಗಳಿಗಾಗಿ. ಅವಳಿಗೆ ಒಂದು ಮಾತು ಹೇಳಬೇಕಾಗಿತ್ತು, ಬಾಯಿಂದ ಹೇಳಲು ಆಗುತ್ತಿರಲಿಲ್ಲ. ಅದನ್ನು ಹೇಳಬೇಕಾದರೆ ಮೊದಲು ನನ್ನ ಯಜಮಾನರ ಸೈಕಲ್ಲಿನ ದೀಪದ ಕಥೆ ಹೇಳಬೇಕು.

ನಮ್ಮ ಮನೆ ಮರಾಠಿ ಗಡಿಯಲ್ಲಿರುವ ನೂಲ ಎಂಬ ಊರಿನ ಹೊರಗೆ, ಹೊಲದಲ್ಲಿದೆ. ಊರಿನಿಂದ ಸ್ವಲ್ಪ ದೂರ ಡಾಂಬರು ರಸ್ತೆ ಬರುತ್ತದೆ, ಆಮೇಲೆ ಗಾಡಿದಾರಿ. ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಓಡಾಡಿ ಆ ದಾರಿಯಲ್ಲಿ ಮೊಣಕಾಲುದ್ದ ಜಾಡು ಬಿದ್ದಿದೆ. ನಡುವೆ ಒಂದು ಹಳ್ಳ. ಹಳ್ಳ ದಾಟಿ ಏರು ಹತ್ತಿದರೆ ನಮ್ಮ ಅಂಗಳ. ಮನೆ ದಿನ್ನೆಯ ಮೇಲಿರುವುದರಿಂದ, ಒಲೆಯ ಮುಂದೆ ಕೂತರೆ ಕಿಟಕಿಯಿಂದ ಹಳ್ಳದ ಆಚೆಯ ಡಾಂಬರಿನ ತನಕ ದಾರಿ ಕಾಣುತ್ತದೆ.

ಯಜಮಾನರು ದಿನವೂ ಸಂಜೆ ಎಮ್ಮೆಯ ಹಾಲಿನ ಕ್ಯಾನನ್ನು ಸೈಕಲ್ಲಿಗೆ ಕಟ್ಟಿಕೊಂಡು ಊರಿನ ಡೇರಿಗೆ ಹೋಗುತ್ತಿದ್ದರು. ಹಾಲು ಹಾಕಲು ಎಷ್ಟು ಹೊತ್ತು ಬೇಕು? ಆದರೆ ಅವರು ಹೋಗುತ್ತಿದ್ದದ್ದು ಮಾತಿಗೆ. ಡೇರಿಯ ಕಟ್ಟೆಯ ಮೇಲೆ ಕನ್ನಡದಲ್ಲಿ ಶುರುವಾದ ಸುದ್ದಿ ಮರಾಠಿಗೆ ಹೊರಳಿ, ಮತ್ತೆ ಕನ್ನಡಕ್ಕೆ ಬಂದು, ಕತ್ತಲಾದ ಮೇಲೆ ಮುಗಿಯುತ್ತಿತ್ತು. ಮಗ ಮೋಟರ್‌ಸೈಕಲ್ ಕೊಡುತ್ತೇನೆಂದರೂ ಒಲ್ಲೆ ಎಂದರು.

"ಗಾಡಿ ಮ್ಯಾಲೆ ಭರ್ರಂತ ಹೋದ್ರ ದಾರ್ಯಾಗ ಯಾರ ಕೂಡ ಮಾತಾಡ್ಲಿ? ಕಬ್ಬಿನ ಕೂಡೇನು?"

ಸೈಕಲ್ಲಿಗೆ ಗಡಹಿಂಗ್ಲಜ ಪೇಟೆಯಲ್ಲಿ ಹಾಕಿಸಿದ ಡೈನಮೊ ಇತ್ತು. ಸಣ್ಣ ಬಾಟಲಿಯಂಥದ್ದು, ಗಾಲಿಗೆ ತಲೆ ಒರೆಸಿಕೊಂಡು ತಿರುಗುತ್ತದೆ, ಮುಂದಿನ ದೀಪ ಹತ್ತುತ್ತದೆ. ಜೋರಾಗಿ ತುಳಿದರೆ ಬೆಳ್ಳಗೆ ಬೆಳಕು. ಸಾವಕಾಶ ಹೋದರೆ ಕೆಂಪಗಾಗುತ್ತದೆ, ಇನ್ನೂ ಸಾವಕಾಶವಾದರೆ ಆರಿಯೇ ಹೋಗುತ್ತದೆ. ಡಾಂಬರಿನ ಮೇಲೆ ಬೀದಿದೀಪ ಇರುವಲ್ಲಿ ಇದೂ ಝಗಝಗ. ಹಳ್ಳದ ಕಲ್ಲು, ತಗ್ಗು, ಜಾಡು ಬಂದ ಕೂಡಲೇ ಕತ್ತಲೆ.

"ಈ ದೀಪಾ ನಮ್ಮ ಬೀಗರಂಗ ಐತಿ" ಎನ್ನುತ್ತಿದ್ದರು. "ದಾರಿ ಛಲೋ ಇದ್ದಾಗ ಕೂಡ ಬರತೈತಿ, ತಗ್ಗ ಬಂತಂದ್ರ ಮಾರಿ ಮರಸ್ತೈತಿ."

ಬೀಗರು ಎದುರಿಗೆ ಕೂತಾಗಲೂ ಹಾಗೆಯೇ ಅನ್ನುತ್ತಿದ್ದರು. ಅಂಥ ನಾಲಿಗೆ.

ಆದರೆ ಆರುವ ಆ ದೀಪದಿಂದ ನನಗೆ ಒಂದು ಉಪಯೋಗವಿತ್ತು. ಅದು ನನ್ನ ಗುಟ್ಟು, ಯಾರಿಗೂ ಹೇಳಿರಲಿಲ್ಲ. ದೂರದಲ್ಲಿ ದೀಪ ಮಿಣುಕಿದರೆ ಹಿಟ್ಟು ನಾದುತ್ತಿದ್ದೆ. ದೀಪ ಹಳ್ಳದಲ್ಲಿ ಇಳಿದು ಆರಿತೆಂದರೆ ಒಲೆಯ ಮೇಲೆ ಹಂಚು ಇಡುತ್ತಿದ್ದೆ, ಅವರು ಸೈಕಲ್ಲಿನಿಂದ ಇಳಿದು ತಳ್ಳುತ್ತಿದ್ದಾರೆ ಎಂದು ಅರ್ಥ. ಏರು ಮುಗಿದು ಮತ್ತೆ ಹತ್ತಿ ತುಳಿದಾಗ ದೀಪ ಫಕ್ಕನೆ ಬರುತ್ತಿತ್ತು, ನಾನು ಬಡಿದ ರೊಟ್ಟಿಯನ್ನು ಹಂಚಿಗೆ ಹಾಕುತ್ತಿದ್ದೆ. ಅವರು ಕಾಲು ತೊಳೆದು ಹಣೆಗೆ ವಿಭೂತಿ ಹಚ್ಚಿಕೊಂಡು ತಾಟಿನ ಮುಂದೆ ಕೂಡುವುದಕ್ಕೂ ರೊಟ್ಟಿ ಉಬ್ಬಿ ಉಸಿರು ಬಿಡುವುದಕ್ಕೂ ಸರಿಹೋಗುತ್ತಿತ್ತು. ಒಂದು ದಿನವೂ ತಣ್ಣನೆಯ ರೊಟ್ಟಿ ಉಂಡವರಲ್ಲ.

"ಹೆಂಗ ತಿಳಿತೈತಿ ನಿನಗ?" ಎಂದು ಮದುವೆಯಾದ ಹೊಸದರಲ್ಲಿ ಕೇಳಿದ್ದರು.

"ನಿಮ್ಮ ಹೊಟ್ಟಿ ಕೂಗೂದು ಇಲ್ಲಿತನಾ ಕೇಳಸ್ತೈತ್ರಿ" ಎಂದಿದ್ದೆ.

ನಂಬಿದರು. ಡೇರಿಯಲ್ಲಿ ಮಂದಿಗೂ ಹೇಳಿದರು. ಗಂಡಸರಿಗೆ ಇಂಥದ್ದು ನಂಬಲು ಬಹಳ ಇಷ್ಟ.

ಮಗಳನ್ನು ಇಚಲಕರಂಜಿಗೆ ಕೊಟ್ಟಿದ್ದೇವೆ, ಮಗ್ಗದ ಕೆಲಸದ ಮನೆತನ. ಗಂಡ ಮಗ್ಗ ನೋಡಿಕೊಳ್ಳುತ್ತಾನೆ. ಇವಳಿಗೆ ಸಣ್ಣಂದಿನಿಂದ ಏನಾದರೂ ಬಿಚ್ಚುವ ಚಟ. ಕೊಲ್ಹಾಪುರದಲ್ಲಿ ಕರೆಂಟಿನ ಕೆಲಸ ಕಲಿತು, ಈಗ ಮನೆಯ ಮುಂದೆಯೇ ಅಂಗಡಿ ಇಟ್ಟಿದ್ದಾಳೆ. ಇನ್ವರ್ಟರು, ಬ್ಯಾಟರಿ ಗಾಡಿ ಎಲ್ಲ ರಿಪೇರಿ ಮಾಡುತ್ತಾಳೆ. ಹೋದ ವರ್ಷದ ಹಿಂದಿನ ವರ್ಷ ದೀಪಾವಳಿಗೆ ಬಂದಾಗ ಅಪ್ಪನ ಮೊಣಕಾಲಿನ ಗಾಯ ನೋಡಿದಳು. ಹಳ್ಳದಲ್ಲಿ ದೀಪ ಆರಿದಾಗ ಕಲ್ಲಿಗೆ ಗಾಲಿ ಬಡಿದು ಬಿದ್ದಿದ್ದರು.

"ಅಪ್ಪಾ, ಈ ವಯಸ್ಸಿನ್ಯಾಗ ಕಾಲ ಮುರಕೊಂಡಿ ಅಂದ್ರ ಡೇರಿನೂ ಇಲ್ಲ, ಮಾತೂ ಇಲ್ಲ ನೋಡ" ಎಂದು ಗದರಿದಳು.

ಮರುಸಲ ಬಂದಾಗ ಕೊಲ್ಹಾಪುರದಿಂದ ಹೊಸ ದೀಪ ತಂದಿದ್ದಳು. ಹಳೆಯ ಡೈನಮೊ ಹಾಗೆಯೇ ಇಟ್ಟು, ನಡುವೆ ಸೋಪಿನ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ ಕೂಡಿಸಿದಳು. ಒಳಗೆ ಬ್ಯಾಟರಿ. ಅಂಗಳದಲ್ಲಿ ಸೈಕಲ್ ಬೋರಲು ಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಇಡೀ ಮಧ್ಯಾಹ್ನ ಕೆಲಸ ಮಾಡಿದಳು. ಅಪ್ಪ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಪ್ರಶ್ನೆ ಕೇಳುವುದೇ ಕೇಳುವುದು.

"ನೀ ಜೋರ್ ತುಳದಾಗ ಹೆಚ್ಚಾದ ಕರೆಂಟ್ ಇದು ಕೂಡಿಸಿ ಇಟ್ಕೊಂತೈತಿ ಅಪ್ಪಾ. ತಗ್ಗಿನ್ಯಾಗ ಸಾವಕಾಶ ಹೊಂಟಾಗ ವಾಪಸ್ ಕೊಡತೈತಿ. ನಿಂತರೂ ಆರಂಗಿಲ್ಲ."

"ಅಂದ್ರ ನಿಮ್ಮವ್ವನಂಗ ಅನ್ನು. ಸಿಟ್ಟು ಕೂಡಿಸಿ ಕೂಡಿಸಿ ಇಟ್ಟು ಸಾವಕಾಶ ಕೊಡತಾಳ."

"ನನ್ನ ಕಡೆ ಬ್ಯಾಟರಿ ಇಲ್ರಿ. ಕೈಯಾಗ ಲಟ್ಟಣಿಗಿ ಐತಿ" ಎಂದೆ ಒಳಗಿನಿಂದ.

ಮಗಳು ನಕ್ಕಳು. ಆ ನಗು ನನಗೆ ಇನ್ನೂ ನೆನಪಿದೆ. ಕೆನ್ನೆಗೆ ಗ್ರೀಸು ಹತ್ತಿತ್ತು.

ಮೊದಲ ಸಂಜೆ ನಾನು ಕಿಟಕಿಯಲ್ಲಿ ಕಾದೇ ಕಾದೆ. ದೀಪ ಆರಲೇ ಇಲ್ಲ. ಅವರು ಹಳ್ಳದಲ್ಲಿದ್ದಾರೋ, ಏರಿನಲ್ಲಿದ್ದಾರೋ ಒಂದೂ ತಿಳಿಯಲಿಲ್ಲ. ಅಂಗಳದಲ್ಲಿ ಸೈಕಲ್ಲಿನ ಸದ್ದಾದಾಗ ಹಂಚು ಇನ್ನೂ ಗೋಡೆಗೆ ಒರಗಿತ್ತು.

"ಏನಾತು? ಇವತ್ತ ಹೊಟ್ಟಿ ಕೂಗೂದು ಕೇಳಸಲಿಲ್ಲೇನು?" ಎಂದರು.

"ನಿಮ್ಮ ಮಗಳ ಹಚ್ಚಿದ ಯಂತ್ರದ ಸಪ್ಪಳಕ್ಕ ಹೊಟ್ಟಿ ಸಪ್ಪಳ ಮುಚ್ಚಿ ಹೋತು" ಎಂದೆ.

ಸುಳ್ಳಿಗೆ ಸುಳ್ಳು ಕೂಡಿಸಿದೆ. ಬ್ಯಾಟರಿ ತೆಗೆಸಿರಿ ಎನ್ನಲು ನನಗೆ ಬಾಯಿ ಎಲ್ಲಿತ್ತು? ಬೀಳುವ ಗಂಡನಿಗಿಂತ ಉಬ್ಬುವ ರೊಟ್ಟಿ ದೊಡ್ಡದೇ?

ಆಮೇಲೆ ಅವರಿಗೆ ಹೊಸ ಹುಚ್ಚು ಹತ್ತಿತು. ದಾರಿಯಲ್ಲಿ ಯಾರು ಸಿಕ್ಕರೂ ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಿ ನಿಲ್ಲಿಸುತ್ತಿದ್ದರು.

"ನೋಡ್ರಿ, ಗಾಲಿ ತಿರಗವಲ್ದು. ದೀಪಾ ಉರ್ಯಾಕತ್ತೈತಿ! ನಮ್ಮ ಹುಡಗಿ ಮಾಡ್ಯಾಳ."

"ಭಾರೀ ಆಹೆ ಕೀ ಮಾಮಾ!" ಎಂದು ಡೇರಿಯ ಹುಡುಗರು ಮರಾಠಿಯಲ್ಲಿ ಹೊಗಳಿದರೆ ಇವರು ಇನ್ನಷ್ಟು ಉಬ್ಬುತ್ತಿದ್ದರು. ಹಳ್ಳದಲ್ಲಿ ನೀರು ಹಾಯಿಸುವವರು, ಮೇವು ತರುವವರು, ಎಲ್ಲರಿಗೂ ತೋರಿಸುವುದೇ. ಹೀಗಾಗಿ ಹಳ್ಳದ ದಂಡೆಯಲ್ಲಿ ದೀಪ ನಿಂತುಬಿಡುವುದು ನಿತ್ಯದ ಮಾತಾಯಿತು. ನಾನೂ ಸೊಸೆಯೂ ಕಿಟಕಿಯಿಂದ ನೋಡಿ ನಗುತ್ತಿದ್ದೆವು.

ಥಂಡಿ ಬಿದ್ದ ಮೇಲೆ ಒಂದು ಸಂಜೆ ದೀಪ ಹಾಗೆಯೇ ಹಳ್ಳದ ದಂಡೆಗೆ ಬಂದು ನಿಂತಿತು.

"ಅತ್ತಿ, ಮಾವನೋರು ಇವತ್ತ ಯಾರನ್ನೋ ಹಿಡದಾರ ನೋಡ್ರಿ" ಎಂದಳು ಸೊಸೆ.

"ಹಿಡೀಲಿ ಬಿಡ. ಸಿಕ್ಕಾಂವ ಪಾಪ, ಅಂವನ ಮನ್ಯಾಗೂ ರೊಟ್ಟಿ ಆರಾಕತ್ತಿರ್ತಾವ."

ನಕ್ಕೆವು. ನಾನು ಬದನೆಕಾಯಿ ಪಲ್ಯ ಕೆಳಗಿಟ್ಟೆ. ಸೊಸೆ ಎಮ್ಮೆಗೆ ಮೇವು ಹಾಕಿ ಬಂದಳು. ದೀಪ ಅಲ್ಲೇ ಇತ್ತು, ಬೆಳ್ಳಗೆ, ಅಲುಗದೆ, ನಮ್ಮ ಮನೆಯ ಕಡೆ ಮುಖ ಮಾಡಿ. ಒಲೆಯ ಬೆಂಕಿ ಇಳಿಯಿತು. ಮತ್ತೆ ಕಟ್ಟಿಗೆ ಒಟ್ಟಿದೆ. ಆಮೇಲೆ ಮೊಮ್ಮಗಳು ಹೊರಗಿನಿಂದ ಬಂದು, "ಆಯಿ, ಅಜ್ಜಾ ಯಾಕ ಮಾತಾಡೂದ ಕೇಳಸವಲ್ದು?" ಎಂದಳು.

ಅದು ನಿಜವಾಗಿತ್ತು. ಅವರು ಹಳ್ಳದಲ್ಲಿ ಮಾತಾಡಿದರೆ ಗಾಳಿ ಇಲ್ಲದ ದಿನ ಅಂಗಳಕ್ಕೆ ಕೇಳುತ್ತಿತ್ತು.

ನಾವು ಹೋದಾಗ ಸೈಕಲ್ ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಂತಿತ್ತು. ಖಾಲಿ ಕ್ಯಾನು ಹಿಂದೆ ಕಟ್ಟಿದಂತೆಯೇ ಇತ್ತು. ಅವರು ಪಕ್ಕದ ಒಡ್ಡಿಗೆ ಬೆನ್ನು ಕೊಟ್ಟು ಕೂತಿದ್ದರು, ರುಮಾಲು ತೊಡೆಯ ಮೇಲೆ. ದಣಿವಾರಿಸಿಕೊಳ್ಳಲು ಕೂತವರ ಹಾಗೆ. "ಏನ್ರಿ" ಎಂದೆ. ಕೈ ಹಿಡಿದೆ. ಹಳ್ಳದ ನೀರಿನಷ್ಟು ತಣ್ಣಗಿತ್ತು.

ಮಗ ಗಾಡಿ ತರಿಸಿ ಗಡಹಿಂಗ್ಲಜಕ್ಕೆ ಒಯ್ದ. ಡಾಕ್ಟರು, ಎದೆ ಒಮ್ಮೆಲೆ ನಿಂತಿದೆ ಎಂದರು. ಸ್ವಲ್ಪ ಮೊದಲು ತಂದಿದ್ದರೆ ಉಳಿಯುತ್ತಿದ್ದರೇ ಎಂದು ಮಗ ಕೇಳಿದ್ದಕ್ಕೆ, "ಅದು ಹೇಳಾಕ ಬರೂದಿಲ್ರಿ" ಎಂದರು. ಇಲ್ಲ ಎಂದಾದರೂ ಅನ್ನಬಹುದಾಗಿತ್ತು. ಒಳ್ಳೆಯ ಡಾಕ್ಟರು, ಸುಳ್ಳು ಹೇಳಲಿಲ್ಲ.

ನಮ್ಮಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣಿಗಿಡುತ್ತಾರೆ. ಇವರು ತಾವಾಗಿಯೇ ಕೂತು ಹೋಗಿದ್ದರು. ನಮ್ಮದೇ ಹೊಲದಲ್ಲಿ ಹಾಗೆಯೇ ಕೂರಿಸಿದೆವು.

ಮಗಳು ಬಂದವಳು ಮೊದಲು ಕೇಳಿದ್ದು, "ಅವ್ವಾ, ದೀಪಾ ಹತ್ತಿತ್ತಿಲ್ಲೋ?" ಎಂದು. ತನ್ನ ಕೆಲಸ ಕೆಟ್ಟು ಅಪ್ಪ ಕತ್ತಲಲ್ಲಿ ಎಡವಿದನೇ ಎಂಬ ಅಂಜಿಕೆ.

"ಹತ್ತಿತ್ತವ್ವಾ. ನಾವು ಹೋಗೂತನಾ ಹತ್ತೇ ಇತ್ತು" ಎಂದೆ. ಅವಳಿಗೆ ಸ್ವಲ್ಪ ಸಮಾಧಾನವಾಯಿತು.

ಮಣ್ಣಿಗೆ ಹೋಗಿ ಬಂದ ಮೂರನೆಯ ದಿನ, ಮಾತಾಡಿಸಲು ಬಂದ ಹೆಂಗಸರಿಗೆ ಸೊಸೆ ನಡೆದದ್ದೆಲ್ಲ ಹೇಳುತ್ತಿದ್ದಳು. ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ. "ದೀಪಾ ನಿಂತಿತ್ತಲ್ರಿ, ಯಾರ ಕೂಡೋ ಮಾತಾಡಾಕತ್ತಾರ ಅಂದ್ಕೊಂಡಿವಿ. ಆರಿದ್ರರ ಓಡಿ ಹೋಗಿ ನೋಡತಿದ್ವಿ" ಎಂದಳು.

ಮಗಳು ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಚಹಾದ ತಾಟು. ಅದನ್ನು ಸಾವಕಾಶವಾಗಿ ನೆಲಕ್ಕಿಟ್ಟು ಹೊರಗೆ ಹೋದಳು. ಸಂಜೆ ನೋಡಿದರೆ ಸೈಕಲ್ಲಿನ ಮೇಲೆ ದೀಪವೂ ಇಲ್ಲ, ಪೆಟ್ಟಿಗೆಯೂ ಇಲ್ಲ. ಬರೀ ತಂತಿಯ ಮುರುಕು ಜೋತಾಡುತ್ತಿತ್ತು.

ಆಮೇಲೆ ಅವಳು ಮನೆಗೆ ಬರಲಿಲ್ಲ. ನನ್ನನ್ನು ಬಿಟ್ಟಳು ಎಂದಲ್ಲ. ತಿಂಗಳಿಗೊಮ್ಮೆ ಗಡಹಿಂಗ್ಲಜದ ಎಸ್‌ಟಿ ಬಸ್ ಸ್ಟ್ಯಾಂಡಿಗೆ ಬರುತ್ತಿದ್ದಳು, ನಾನೂ ಹೋಗುತ್ತಿದ್ದೆ. ಕಲ್ಲುಬೆಂಚಿನ ಮೇಲೆ ಕೂತು ತಾಯಿಮಗಳು ಚಹಾ ಕುಡಿಯುವುದು. ನಾನು ಶೇಂಗಾ ಹೋಳಿಗೆ ಕಟ್ಟಿಕೊಟ್ಟರೆ ಅವಳು ನನಗೆ ಮಂಡಿನೋವಿನ ಎಣ್ಣೆ ಕೊಡುವುದು. ಮೇಲೆ ಮೈಕಿನಲ್ಲಿ ಮರಾಠಿಯಲ್ಲಿ ಊರುಗಳ ಹೆಸರು ಒದರುತ್ತಿದ್ದರು.

"ಮನಿಗಿ ಬಾರವ್ವಾ" ಎನ್ನುತ್ತಿದ್ದೆ.

"ಆ ಹಳ್ಳಾ ದಾಟಾಕ ಆಗಂಗಿಲ್ಲವ್ವಾ ನನಗ."

"ದೀಪಾ ಎಲ್ಲೈತಿ?"

"ಅಂಗಡ್ಯಾಗ. ಒಗ್ಯಾಕೂ ಆಗವಲ್ದು, ಬ್ಯಾರೆಯವ್ರಿಗೆ ಹಚ್ಚಾಕೂ ಆಗವಲ್ದು."

ಅಷ್ಟರಲ್ಲಿ ಅವಳ ಬಸ್ಸು ಬರುತ್ತಿತ್ತು. ಒಮ್ಮೆ ನಾನು ಅವಳ ಕೈ ಬಿಡದೆ ಬಸ್ಸಿನ ಬಾಗಿಲ ತನಕ ಹೋದೆ. ಕಂಡಕ್ಟರು "ಆಜಿ, ಚಢಾ ನಾಹೀತರ್ ಸೋಡಾ" ಎಂದ. ಹತ್ತು, ಇಲ್ಲವೇ ಬಿಡು. ಬಿಟ್ಟೆ.

ಫೋನಿನಲ್ಲಿ ಮಾತಾಡಿದರೆ ಅಪ್ಪನ ಸುದ್ದಿ ಬಂದ ಕೂಡಲೇ ಅವಳು ಕಟ್ ಮಾಡುತ್ತಿದ್ದಳು. ಬರೆದರೆ ಕಟ್ ಮಾಡಲು ಬರುವುದಿಲ್ಲ ಎಂದು ನನಗೆ ಹೊಳೆದದ್ದು ಆಗ. ಕಲಿತೆ. ಇಡೀ ಮಧ್ಯಾಹ್ನ ಎಮ್ಮೆಯ ಕೊಟ್ಟಿಗೆಯಲ್ಲಿ ಒಬ್ಬಳೇ ಕೂತು ಬರೆದೆ. ನಡುವೆ ಒಮ್ಮೆ ಎಲ್ಲ ಅಳಿಸಿ ಹೋಯಿತು. ಎಮ್ಮೆಗೆ ಬೈದು ಮತ್ತೆ ಶುರು ಮಾಡಿದೆ.

ಗಂಡನಿಗೂ ಹೇಳದ ನನ್ನ ಗುಟ್ಟನ್ನು ಮಗಳಿಗೆ ಹೇಳಿದೆ. ಹಂಚು, ರೊಟ್ಟಿ, ಆರುವ ದೀಪ, ಎಲ್ಲ. ಕೊನೆಗೆ ಹೀಗೆ ಬರೆದೆ: "ನಿನ್ನ ದೀಪಕ್ಕಿಂತ ಮದಲೂ ದಿನಾ ಹಳ್ಳದಾಗ ದೀಪಾ ಆರತಿತ್ತು. ಆರಿದ್ರ ನಾ ಎಂದೂ ಓಡಿ ಬಂದಿಲ್ಲ, ಹಂಚ ಇಟ್ಟೇನಿ ಅಷ್ಟ. ನಿಮ್ಮಪ್ಪ ಕತ್ತಲದಾಗೂ ನಿಂತು ಮಾತಾಡಾಂವ. ಆ ದಿನಾ ದೀಪಾ ಆರಿದ್ರೂ ನಾ ಹಂಚ ಕಾಸ್ಕೊಂತ ಕುಂಡರತಿದ್ದೆ. ನಿಂದೇನೂ ತಪ್ಪಿಲ್ಲ. ಕತ್ತಲದಾಗ ಹೋಗಬೇಕಾದಾಂವ ನಿನ್ನ ಬೆಳಕಿನ್ಯಾಗ ಹೋದ."

ಕಳಿಸಿದ ಮೇಲೆ ಎರಡು ಗೆರೆ ನೀಲಿಯಾದವು. ಓದಿದಳು ಎಂದು ಅದರ ಅರ್ಥವಂತೆ. ಉತ್ತರ ಬರಲಿಲ್ಲ. ಮರುದಿನವೂ ಇಲ್ಲ. ನಾನು ಬರೆದದ್ದು ಗಾಯಕ್ಕೆ ಉಪ್ಪಾಯಿತೇ ಎಂದು ಒಳಗೊಳಗೇ ಬೆಂದೆ. ಕೊನೆಗೆ ಶನಿವಾರ ಮಧ್ಯಾಹ್ನ ಫೋನು ಗುಂಯ್ ಎಂದಿತು.

"ಸೈಕಲ್ ಊರಾಗ ಡೇರಿ ಮುಂದ ಇಡಸು."

ಅಷ್ಟೇ. ಮೊಮ್ಮಗಳು ಗಾಲಿಗೆ ಗಾಳಿ ಹೊಡೆದು, ಸೈಕಲ್ಲನ್ನು ಊರಿಗೆ ಒಯ್ದು ಇಟ್ಟು, ಓಡುತ್ತಾ ಬಂದಳು. "ಇಚಲಕರಂಜಿ ಅತ್ತಿ ಬಂದಾಳ, ಒಬ್ಬಾಕೀನ ಬರತೇನಿ, ನೀ ಹೋಗು ಅಂದ್ಲು" ಎಂದಳು.

ಕತ್ತಲಾಯಿತು. ನಾನು ಒಲೆಯ ಮುಂದೆ ಕೂತೆ. ಹಿಟ್ಟು ನಾದಿದೆ. ದೂರದಲ್ಲಿ ದೀಪ ಮಿಣುಕಿತು. ಡಾಂಬರಿನ ಮೇಲೆ ಸರ್ರನೆ ಬಂದು, ಗಾಡಿದಾರಿಗೆ ಇಳಿದು, ಜಾಡಿನಲ್ಲಿ ಅತ್ತಿತ್ತ ಓಲಾಡುತ್ತಾ ಸಾವಕಾಶ ಬಂತು. ಕೆಂಪಗಾಗಲಿಲ್ಲ, ಆರಲಿಲ್ಲ. ಬ್ಯಾಟರಿ ಇಟ್ಟಿದ್ದಾಳೆ ಎಂದುಕೊಂಡೆ. ಹಂಚು ಇಟ್ಟೆ. ರೊಟ್ಟಿ ಬಡಿದು ಹಾಕಿದೆ.

ದೀಪ ಹಳ್ಳದ ದಂಡೆಗೆ ಬಂದು ನಿಂತಿತು.

ಅದೇ ಜಾಗ. ಅದೇ ಬೆಳ್ಳನೆಯ ಬೆಳಕು, ಮನೆಯ ಕಡೆ ಮುಖ.

"ಫೋನ್ ಬಂದಿರಬೇಕ ಬಿಡ್ರಿ ಅತ್ತಿ, ಮಾತಾಡಿ ಬರ್ತಾರ" ಎಂದಳು ಸೊಸೆ. ಹೇಳಿದವಳೇ ಕಿಟಕಿಗೆ ಬಂದು ನಿಂತಳು.

ನಾನು ಎದ್ದೆ. ಹಿಟ್ಟಿನ ಕೈಯಲ್ಲೇ, ಬರಿಗಾಲಲ್ಲೇ ಇಳಿದೆ. ಮಂಡಿನೋವು ಆಮೇಲೆ ನೆನಪಾಯಿತು. ಇಳಿಜಾರಿನಲ್ಲಿ ಕಲ್ಲು ಒತ್ತಿದವು. ದೀಪ ಕಣ್ಣಿಗೆ ಹೊಡೆಯುತ್ತಿತ್ತು, ಹಿಂದೆ ಏನಿದೆ ಎಂದು ಕಾಣುತ್ತಿರಲಿಲ್ಲ. "ಯವ್ವಾ, ಯವ್ವಾ" ಎಂದು ಕೂಗುತ್ತಾ ಹೋದೆ.

ಸೈಕಲ್ ಸ್ಟ್ಯಾಂಡಿನ ಮೇಲಿತ್ತು. ಮಗಳು ಅಪ್ಪ ಕೂತಲ್ಲೇ ಕೂತಿದ್ದಳು, ಒಡ್ಡಿಗೆ ಬೆನ್ನು ಕೊಟ್ಟು. ನಾನು ಅವಳ ಮುಖ, ಕೈ, ತಲೆ ಎಲ್ಲ ಮುಟ್ಟಿ ನೋಡಿದೆ. ಬೆಚ್ಚಗಿದ್ದಳು. ಮುಖಕ್ಕೆಲ್ಲ ಹಿಟ್ಟು ಮೆತ್ತಿತು.

"ಹೆದರಸಬೇಕಂತ ಕುಂತಿಲ್ಲವ್ವಾ" ಎಂದಳು. "ಇಲ್ಲಿಂದ ಅಪ್ಪಗ ಮನಿ ಕಾಣತಿತ್ತೋ ಇಲ್ಲೋ ನೋಡಾಕತ್ತಿದ್ದೆ."

ನನಗೆ ಕೇಳಲು ಧೈರ್ಯವಾಗಲಿಲ್ಲ. ಆದರೂ ಕೇಳಿದೆ. "ಕಾಣತೈತೇನ?"

"ಕಾಣತೈತಿ. ಕಿಟಕಿ ಕಾಣತೈತಿ. ಒಲಿ ಬೆಂಕ್ಯಾಗ ನೀ ಕುಂತಿದ್ದೂ ಕಾಣತಿತ್ತು."

ನಾನೂ ಅವಳ ಪಕ್ಕದಲ್ಲಿ ಕೂತೆ. ನಿಜ, ಅಲ್ಲಿ ಮೇಲೆ ಒಂದು ಕೆಂಪು ಚೌಕ. ಇಷ್ಟು ವರ್ಷ ನಾನು ಅವರ ದೀಪ ನೋಡುತ್ತಿದ್ದೇನೆ ಎಂದುಕೊಂಡಿದ್ದೆ, ಅವರಿಗೆ ನನ್ನ ಒಲೆ ಕಾಣುತ್ತದೆ ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಅವರೂ ಹೇಳಿರಲಿಲ್ಲ. ಹೊಟ್ಟೆ ಕೂಗುವುದು ಕೇಳಿಸುತ್ತದೆ ಎಂಬ ನನ್ನ ಮಾತು ಅವರು ನಂಬಿದ್ದರೋ, ನಂಬಿದ ಹಾಗೆ ಮಾಡಿದ್ದರೋ, ಇನ್ನು ಯಾರನ್ನು ಕೇಳಲಿ? ಅಂದು ಸಂಜೆ ಇಲ್ಲಿ ಕೂತು, ದೀಪ ಹತ್ತಿದೆ, ನೋಡುತ್ತಾಳೆ, ಬರುತ್ತಾಳೆ ಎಂದು ಆ ಚೌಕದ ಕಡೆಗೇ ನೋಡಿದರೋ ಏನೋ. ಒಲೆಯ ಮುಂದೆ ನಾನು ನಗುತ್ತಿದ್ದೆ.

ಬಹಳ ಹೊತ್ತು ಇಬ್ಬರೂ ಅತ್ತೆವು. ಅವಳನ್ನು ತಡೆಯಲಿಲ್ಲ, ಅವಳೂ ನನ್ನನ್ನು ತಡೆಯಲಿಲ್ಲ.

"ಅವ್ವಾ, ಅದು ಖರೇನಾ ನೀ ಬರದಿದ್ದು? ದೀಪಾ ಆರಿದ್ರೂ ನೀ ಬರತಿರಲಿಲ್ಲೇನು?"

"ನನಗ ಗೊತ್ತಿಲ್ಲವ್ವಾ" ಎಂದೆ. "ಖರೆ ಅಂತನ ಬರದೇನಿ. ಆಮ್ಯಾಗ ದಿನಾ ಅದನ್ನ ವಿಚಾರ ಮಾಡಾಕತ್ತೇನಿ, ತಿಳಿವಲ್ದು."

ಅವಳು ಮೂಗು ಒರೆಸಿಕೊಂಡಳು. "ಇವತ್ತ ಬಂದಿಯಲ್ಲ."

"ಬಂದ್ನಿ. ದೀಪಾ ನಿಂತಿದ್ದ ಕಂಡು ಬಂದ್ನಿ."

ಅಷ್ಟರಲ್ಲಿ ಮೇಲಿನಿಂದ ಸೊಸೆಯ ಕೂಗು ಕೇಳಿತು. "ಅತ್ತೀ! ರೊಟ್ಟಿ ಹೊತ್ತಿ ಕರ್ರಗಾತ್ರಿ! ಏನಾಗೇತ್ರಿ ಅಲ್ಲೆ?"

"ಏನೂ ಆಗಿಲ್ಲ! ಬರಾಕತ್ತೇವಿ! ಬ್ಯಾರೆ ಹಿಟ್ಟ ನಾದಿ ಇಡ!" ಎಂದು ಕೂಗಿದೆ.

ಸುಟ್ಟ ರೊಟ್ಟಿಯ ವಾಸನೆ ಹಳ್ಳದ ತನಕ ಇಳಿದಿತ್ತು. ಮಗಳು ಎದ್ದು ನನ್ನ ಕೈ ಹಿಡಿದು ಎಬ್ಬಿಸಿದಳು. ಅವಳು ಹ್ಯಾಂಡಲ್ ಹಿಡಿದಳು, ನಾನು ಹಿಂದಿನ ಕ್ಯಾರಿಯರ್ ಹಿಡಿದು ತಳ್ಳಿದೆ. ಏರು, ಕಲ್ಲು, ಜಾಡು. ಗಾಲಿ ಒಂದೊಂದೇ ಸುತ್ತು ತಿರುಗುತ್ತಿತ್ತು. ಎರಡು ಸಲ ನಿಂತು ಉಸಿರು ತೆಗೆದುಕೊಂಡೆವು. ನಿಂತಾಗಲೂ ದೀಪ ನಮ್ಮ ಮುಂದಿನ ಕಲ್ಲುಗಳ ಮೇಲೆ ಬಿದ್ದೇ ಇತ್ತು.